ಕೆಂಪಗುಟ್ಟದ ಮೂಡಣ ಮಗ್ಗುಲು

ಕೋಲಾರ
18 ಫೆಬ್ರವರಿ 2025

ನನ್ನಮ್ಮ ಬೈರಮ್ಮನಿಗೆ, ನಿನ್ನ ಪದ್ದಿ ಕೈಮುಗಿದು ಬರೆಯುವುದು.

ಕಾಗದ ನೋಡಿ ಗಾಬರಿಯಾಗಬೇಡ. ಚೆನ್ನಾಗಿದ್ದೇನೆ ಎಂದು ಬರೆದರೆ ನೀನು ನಂಬುವುದಿಲ್ಲ. ಆದ್ದರಿಂದ ಹೊತ್ತಿಗೆ ಉಣ್ಣುತ್ತಿದ್ದೇನೆ, ಕಾಲೇಜಿಗೆ ಹೋಗಿ ಪಾಠ ಮಾಡಿ ಬರುತ್ತಿದ್ದೇನೆ ಎಂದಷ್ಟೇ ಬರೆಯುತ್ತೇನೆ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ಕಿವಿ ಮಂದವಾದ ಮೇಲೆ ನಿನ್ನ ಫೋನು ಸದಾ ಸ್ಪೀಕರಿನಲ್ಲೇ ಇರುತ್ತದೆ. ನಾನು ಇಲ್ಲಿ ಹೇಳಿದ್ದು ಅಲ್ಲಿ ಪಡಸಾಲೆಯಲ್ಲಿ ಕೂತವರಿಗೆಲ್ಲ ಕೇಳುತ್ತದೆ. ಇದನ್ನು ನೀನೊಬ್ಬಳೇ ಓದಬೇಕು. ವೆಂಕಟಣ್ಣನ ಕೈಗೂ ಕೊಡಬೇಡ.

ಅಣ್ಣ ನಿನ್ನೆ ಎಲ್ಲ ಹೇಳಿದ. ಬರುವ ಭಾನುವಾರ ನೀನು, ಅವನು, ಊರಿನ ಒಂದಿಬ್ಬರು ದೊಡ್ಡವರು ಸೇರಿ ಶ್ರೀನಿವಾಸಪುರದಿಂದ ಗಾಡಿ ಮಾಡಿಕೊಂಡು ಕೆಂಪಗುಟ್ಟಹಳ್ಳಿಗೆ ಹೋಗುತ್ತೀರಂತೆ. ನನ್ನ ಗಂಡ ಕದಿರೇಶನನ್ನೂ ಮಾವನವರನ್ನೂ ಕೂರಿಸಿ ನ್ಯಾಯ ಕೇಳುತ್ತೀರಂತೆ. "ಅವ್ಳೇನು ಬೇಕೂಂತ ಮಾಡಿದ್ಲಾ? ಲೆಕ್ಕ ತಪ್ಪೋಯ್ತು ಅಂತ ಕಟ್ಕೊಂಡೋಳ್ನ ಬಿಟ್ಬಿಡೋದಾ ಅಂತ ಕೇಳೇ ಕೇಳ್ತೀನಿ" ಎಂದು ನೀನು ಹಟ ಹಿಡಿದು ಕೂತಿದ್ದೀಯಂತೆ.

ಹೋಗಬೇಡ ಅಮ್ಮಾ. ಯಾಕೆ ಹೋಗಬಾರದು ಎಂದು ಹೇಳುವುದಕ್ಕೇ ಈ ಕಾಗದ. ಇಷ್ಟು ದಿನ ನಿನಗೂ ಹೇಳದ ಮಾತು ಇದರಲ್ಲಿದೆ.

ಊರ ಪಕ್ಕದ ಆ ಕಲ್ಲುಬೆಟ್ಟದ, ಆ ಗುಟ್ಟದ ಮೇಲೆ ನಾನು ಏನು ಕಟ್ಟಿದ್ದೆ ಎಂದು ನೀನು ಎಷ್ಟೋ ಸಲ ಕೇಳಿದ್ದೀಯ. "ಆನೆ ನೋಡೋ ಮಿಷನ್ನು" ಎಂದು ಹೇಳಿ ಸುಮ್ಮನಾಗುತ್ತಿದ್ದೆ. ಈಗ ಸರಿಯಾಗಿ ಹೇಳುತ್ತೇನೆ, ಇಲ್ಲದಿದ್ದರೆ ಮುಂದಿನದು ನಿನಗೆ ಅರ್ಥವಾಗುವುದಿಲ್ಲ.

ಕೆಂಪಗುಟ್ಟಹಳ್ಳಿ ಮಾಲೂರು ತಾಲ್ಲೂಕಿನ ಕೊನೆಯ ಊರು. ಅದರಾಚೆ ಕಾಡು, ಕಾಡಿನಾಚೆ ತಮಿಳುನಾಡು. ರಾಗಿ ತೆನೆ ಬಲಿಯುವ ಹೊತ್ತಿಗೆ ಆ ಕಡೆಯಿಂದ ಆನೆಗಳು ಬರುತ್ತವೆ. ಹಿಂಡಿನ ಮುಂದಾಳು ಹೆಣ್ಣಾನೆಯ ಕೊರಳಿಗೆ ಅರಣ್ಯ ಇಲಾಖೆಯವರು ಒಂದು ಪಟ್ಟಿ ಕಟ್ಟಿದ್ದಾರೆ. ಆ ಪಟ್ಟಿಯಿಂದ ರೇಡಿಯೊ ಅಲೆ ಹೊರಡುತ್ತಲೇ ಇರುತ್ತದೆ. ಅದನ್ನು ಹಿಡಿಯುವುದಕ್ಕೆ ನಾವು ಗುಟ್ಟದ ನೆತ್ತಿಯಲ್ಲಿ ಆರು ಅಂಟೆನಾ ಕಡ್ಡಿಗಳನ್ನು ನಿಲ್ಲಿಸಿದೆವು. ಹಿಂಡು ಊರಿಗೆ ಹತ್ತಿರವಾದರೆ ಶಾಲೆಯ ಮೇಲಿನ ಸೈರನ್ ತಾನಾಗಿ ಕೂಗುತ್ತದೆ.

ಒಂದೇ ಕಡ್ಡಿಯಿದ್ದರೆ ಸುತ್ತಲಿನದು ಒಂದೇ ಸಮ ಕೇಳಿಸುತ್ತದೆ, ಆದರೆ ದೂರದ್ದು ಕೇಳಿಸುವುದಿಲ್ಲ. ಹಲವನ್ನು ಸೇರಿಸಿದರೆ ಬೇಕಾದ ದಿಕ್ಕಿಗೆ ಬಹುದೂರ ಕೇಳಿಸುವಂತೆ ಮಾಡಬಹುದು. ಯಾವ ದಿಕ್ಕಿಗೆ ಎಷ್ಟು ದೂರ ಎಂದು ಗೆರೆ ಎಳೆದರೆ ಕಾಗದದ ಮೇಲೆ ಎಸಳು ಎಸಳಾಗಿ ಒಂದು ಚಿತ್ರ ಮೂಡುತ್ತದೆ. ಆ ಎಸಳುಗಳನ್ನು ನಮಗೆ ಬೇಕಾದ ಕಡೆ ಚಾಚಿಸುವುದೇ ನನ್ನ ಕೆಲಸ. ತೊಡಕು ಏನೆಂದರೆ, ಕಡ್ಡಿಗಳು ಹತ್ತಿರ ಹತ್ತಿರ ನಿಂತಾಗ ಯಾವುದೂ ತನ್ನ ಪಾಡಿಗೆ ಇರುವುದಿಲ್ಲ. ಒಂದಕ್ಕೆ ತಾಕಿದ ಅಲೆ ಸ್ವಲ್ಪ ಪಕ್ಕದ್ದಕ್ಕೆ ಹೋಗುತ್ತದೆ, ಅಲ್ಲಿಂದ ಸ್ವಲ್ಪ ಹಿಂದಕ್ಕೆ ಬರುತ್ತದೆ. ಅದನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ಎಸಳು ಎಲ್ಲಿಗೋ ತಿರುಗಿ, ಬೇಕಾದ ದಿಕ್ಕಿನಲ್ಲೇ ಕಿವುಡು ಬೀಳುತ್ತದೆ. ಗುಟ್ಟದ ನೆತ್ತಿಯಲ್ಲಿ ಬಂಡೆಗಳ ನಡುವೆ ಇದ್ದ ಜಾಗವೇ ಅಷ್ಟು. ಒತ್ತಾಗಿಯೇ ನಿಲ್ಲಿಸಬೇಕಾಯಿತು. ಅದಕ್ಕೇ ನನಗೆ ಒಂದು ವರ್ಷ ಹಿಡಿಯಿತು. ಪ್ರತಿ ಕಡ್ಡಿ ಉಳಿದವಕ್ಕೆ ಎಷ್ಟು ಕೊಡುತ್ತದೆ, ಎಷ್ಟು ತೆಗೆದುಕೊಳ್ಳುತ್ತದೆ ಎಂದು ಕಾಲೇಜಿನಲ್ಲಿ ಅಳೆದು, ಗುಟ್ಟದ ಮೇಲೆ ಮತ್ತೆ ಅಳೆದು, ತೆಂಕಣಕ್ಕೂ ಮೂಡಣಕ್ಕೂ ಎಸಳು ಚೆನ್ನಾಗಿ ಹರಡುವಂತೆ ಕೂರಿಸಿದೆ.

ಆ ಲೆಕ್ಕ ಸರಿಯಾಗಿತ್ತು ಅಮ್ಮಾ.

ಆಗಸ್ಟ್‌ನಲ್ಲಿ ಅದನ್ನು ನಿಲ್ಲಿಸಿದ ದಿನ ಅತ್ತೆ ಊರವರಿಗೆಲ್ಲ ಪಾನಕ ಹಂಚಿದರು. ನಿನಗೆ ಗೊತ್ತಲ್ಲ ಕದಿರಮ್ಮನವರ ಸ್ವಭಾವ. ಬೀದಿಯಲ್ಲಿ ಯಾರು ಸಿಕ್ಕರೂ ಗುಟ್ಟದ ಕಡೆ ಕೈ ತೋರಿಸಿ "ಅವು ನಮ್ ಸೊಸೆ ಕಡ್ಡಿಗಳು" ಎನ್ನುತ್ತಿದ್ದರು. ಸೈರನ್ ಬಂದ ಮೇಲೆ ಎರಡು ಸಲ ಹಿಂಡು ತೆಂಕಣದಿಂದ ಬಂತು, ಎರಡು ಸಲವೂ ಕೂಗಿತು. ಜನ ಬಾಗಿಲು ಹಾಕಿಕೊಂಡು ಒಳಗೇ ಉಳಿದರು. ಯಾರಿಗೂ ಏನೂ ಆಗಲಿಲ್ಲ. ಅಂದಿನಿಂದ ಊರಿಗೆ ಊರೇ ಅದನ್ನು ನಂಬಿತು. ಎಲ್ಲರಿಗಿಂತ ಹೆಚ್ಚು ನಂಬಿದವರು ಅತ್ತೆ. ಮೊದಲೆಲ್ಲ ಬಿಸಿಲು ಚೆನ್ನಾಗಿ ಬೀಳುವ ತನಕ ಹೊಲದ ಕಡೆ ಹೆಜ್ಜೆ ಇಡದವರು, ನವೆಂಬರ್‌ನಲ್ಲಿ ಫೋನ್ ಮಾಡಿ, "ಈಗೇನ್ ಭಯ ಇಲ್ಲ ಕಣಮ್ಮಾ, ಮಬ್ಬಲ್ಲೇ ಕಣಕ್ಕೋಗ್ತೀನಿ. ನಿನ್ ಸೈರನ್ ಇದ್ಯಲ್ಲ" ಎಂದಿದ್ದರು. ನನಗೆ ಎಷ್ಟು ಹೆಮ್ಮೆಯಾಯಿತು ಗೊತ್ತಾ? ಹೋಗಬೇಡಿ ಎಂದು ನಾನು ಹೇಳಲಿಲ್ಲ.

ಡಿಸೆಂಬರ್‌ನ ಆ ಬೆಳಗ್ಗೆ ಅವರು ಮೂಡಣದ ಕಣಕ್ಕೆ ಹೋದರು. ರಾಗಿ ಮೆದೆಯ ಆಚೆ ಪಟ್ಟಿ ಕಟ್ಟಿದ ಆ ಹೆಣ್ಣಾನೆಯೇ ನಿಂತಿತ್ತು. ಸೈರನ್ ಕೂಗಲಿಲ್ಲ.

ಮುಂದಿನದನ್ನು ನೀನೇ ನೋಡಿದ್ದೀಯ. ಮಣ್ಣಿಗೆ ಬಂದ ಜನರ ಮುಂದೆ ಕದಿರೇಶ ನನ್ನ ಮುಖ ನೋಡಿದ್ದನ್ನೂ ನೋಡಿದ್ದೀಯ.

ಅತ್ತೆಯ ಹಾಲುತುಪ್ಪದ ಕಾರ್ಯ ಮುಗಿದ ಮಾರನೆಯ ದಿನ ನಾನೊಬ್ಬಳೇ ಹೊಲಗಳ ಕಡೆ ಹೋದೆ. ಆನೆಗೆ ಕಟ್ಟುವಂಥದೇ ಇನ್ನೊಂದು ಪಟ್ಟಿ ನನ್ನ ಚೀಲದಲ್ಲಿತ್ತು. ಗುಟ್ಟದ ಮೇಲೆ ಕಾವಲುಗಾರ ಮುನಿಕೃಷ್ಣಪ್ಪ ಅಲೆ ಹಿಡಿಯುವ ಪೆಟ್ಟಿಗೆಯ ಪರದೆ ನೋಡಿ ಫೋನಿನಲ್ಲಿ ಅಂಕಿ ಹೇಳುತ್ತಿದ್ದ. ತೆಂಕಣದ ಬದುಗಳುದ್ದಕ್ಕೂ ನಡೆದೆ, ಚೆನ್ನಾಗಿ ಸಿಕ್ಕಿತು. ಮೂಡಣಕ್ಕೆ ತಿರುಗಿದೆ. "ಕಮ್ಮಿ ಆಯ್ತಾ ಐತೆ ಮೇಡಂ" ಎಂದ. ಅತ್ತೆಯ ಕಣದ ಹತ್ತಿರ ನಿಂತಾಗ "ಏನೂ ಇಲ್ಲ ಮೇಡಂ, ಪೂರ್ತಿ ಹೊಂಟೋಯ್ತು" ಎಂದ. ನಾನು ಪಟ್ಟಿಯನ್ನು ತಲೆಯ ಮೇಲೆ ಎತ್ತಿ ಹಿಡಿದುಕೊಂಡು ಸುಮ್ಮನೆ ನಿಂತಿದ್ದೆ. ಆಗಸ್ಟ್‌ನಲ್ಲಿ ಅದೇ ಜಾಗದಲ್ಲಿ ನಿಂತು ಅಳೆದಿದ್ದೆ. ಆಗ ಚೆನ್ನಾಗಿಯೇ ಸಿಕ್ಕಿತ್ತು.

ಗುಟ್ಟ ಹತ್ತಿದೆ. ಕಡ್ಡಿಗಳ ಮೂಡಣ ಮಗ್ಗುಲಿಗೆ, ತೋಳಿನಷ್ಟು ದೂರದಲ್ಲಿ, ಕಬ್ಬಿಣದ ಕಂಬ ನೆಟ್ಟು ಎದೆಯೆತ್ತರಕ್ಕೆ ಕಬ್ಬಿಣದ ಜಾಲರಿ ಬಿಗಿದಿತ್ತು. ಹೊಸದು, ಬಿಸಿಲಿಗೆ ಹೊಳೆಯುತ್ತಿತ್ತು. ನಾನು ಕಟ್ಟಿದಾಗ ಅದು ಇರಲಿಲ್ಲ.

ಇದು ಯಾವಾಗ ಬಂತು ಎಂದು ಮುನಿಕೃಷ್ಣಪ್ಪನನ್ನು ಕೇಳಿದೆ.

"ದಸರಾ ಆದ್ಮೇಲೆ ಮೇಡಂ. ಆ ಕಡೆ ಮರದಿಂದ ಕೋತಿಗಳು ಬಂದು ಕಡ್ಡಿ ಹಿಡ್ಕೊಂಡು ಜೋತಾಡ್ತಿದ್ವು. ದೊಡ್ಡಮುನಿಯಪ್ಪಣ್ಣನೇ ಮಾಲೂರಿಂದ ತಂದು, ಹೆಗಲ ಮೇಲೆ ಹೊತ್ಕೊಂಡು ಬಂದು ಕಟ್ತು. ಸೊಸೆ ಕಷ್ಟಪಟ್ಟು ಮಾಡಿರೋದು, ಹಾಳಾಗ್ಬಾರ್ದು ಅಂತು."

ಮಾವನವರು, ಅಮ್ಮಾ. ಆ ವಯಸ್ಸಿನಲ್ಲಿ, ಆ ಮೊಣಕಾಲು ನೋವಿನಲ್ಲಿ, ಕಂಬಗಳನ್ನು ಒಂದೊಂದಾಗಿ ಗುಟ್ಟಕ್ಕೆ ಹೊತ್ತಿದ್ದಾರೆ. ಕಡ್ಡಿಗಳನ್ನು ಮುಟ್ಟಬಾರದು ಎಂದು ನಾನು ಹೇಳಿದ್ದನ್ನು ನೆನಪಿಟ್ಟುಕೊಂಡು ಒಂದಕ್ಕೂ ಜಾಲರಿ ತಾಗದಂತೆ ಬಿಗಿದಿದ್ದಾರೆ. ಹತ್ತಿರದಲ್ಲಿ ಕಬ್ಬಿಣ ಇದ್ದರೂ ಸಾಕು, ಅದೂ ಒಂದು ಕಡ್ಡಿಯ ಹಾಗೆ ಕೊಟ್ಟು ತೆಗೆದುಕೊಂಡು ನನ್ನ ಎಸಳನ್ನೆಲ್ಲ ತಿರುಚಿಬಿಡುತ್ತದೆ ಎಂದು ಅವರಿಗೆ ಹೇಗೆ ಗೊತ್ತಾಗಬೇಕು? ತೆಂಕಣ ಹಾಗೇ ಉಳಿದಿತ್ತು, ಸೈರನ್ ಕೂಗುತ್ತಲೇ ಇತ್ತು, ಆದ್ದರಿಂದ ಯಾರಿಗೂ ಅನುಮಾನ ಬರಲಿಲ್ಲ. ಮೂಡಣ ಮಾತ್ರ ದಸರೆಯಿಂದ ಕಿವುಡಾಗಿತ್ತು.

ಬಂಡೆಯ ಮೇಲೆ ಎಷ್ಟು ಹೊತ್ತು ಕೂತಿದ್ದೆನೋ. ಕೆಳಗೆ ಮನೆಯ ಅಂಗಳದಲ್ಲಿ ಮಾವ ಅತ್ತೆಯ ಸೀರೆಗಳನ್ನು ಒಂದೊಂದಾಗಿ ಕೊಡವಿ ಮಡಚುತ್ತಿದ್ದುದು ಕಾಣಿಸುತ್ತಿತ್ತು.

ಇಳಿದು ಬಂದಾಗ ಅವರು ನನ್ನನ್ನು ನೋಡಿ ಎದ್ದು ನಿಂತರು. ನಾನು ಗುಟ್ಟಕ್ಕೆ ಹೋಗಿದ್ದು ಗೊತ್ತಿತ್ತು. "ಏನಮ್ಮಣ್ಣಿ, ಏನಾಗಿತ್ತಂತೆ?" ಎಂದರು. ನಾನು ಬಾಯಿ ತೆರೆಯುವ ಮೊದಲೇ ತಾವೇ ಕೇಳಿದರು. "ನಾನು ಕೋತಿಗಳಿಗೆ ಅಂತ ಜಾಲ್ರಿ ಕಟ್ಟಿದ್ದೆ. ಅದೇನಾದ್ರೂ ಅಡ್ಡ ಆಯ್ತೇನಮ್ಮಾ?"

ಅವರ ಕೈಯಲ್ಲಿ ಅತ್ತೆಯ ಹಸಿರು ಸೀರೆ ಅರ್ಧ ಮಡಚಿದ್ದು ಹಾಗೇ ಇತ್ತು.

"ಇಲ್ಲ ಮಾವ. ನನ್ನ ಲೆಕ್ಕದಲ್ಲೇ ತಪ್ಪಾಗಿದೆ. ಕಡ್ಡಿಗಳನ್ನ ತುಂಬಾ ಹತ್ತಿರ ನಿಲ್ಲಿಸಿಬಿಟ್ಟೆ" ಎಂದೆ.

ಅವರು ಸೀರೆಯನ್ನು ಪೂರ್ತಿ ಮಡಚಿ ಕೆಳಗಿಟ್ಟರು. ಆಮೇಲೆ "ಸರ್ಲೇಮ್ಮಾ, ಹೋಗ್ಲಿ ಬಿಡು, ನೀನೇನ್ ಬೇಕೂಂತ ಮಾಡಿದ್ಯಾ" ಎಂದು ನನ್ನ ತಲೆ ಸವರಿದರು. ಹೆಂಡತಿಯನ್ನು ಕಳೆದುಕೊಂಡವರು ನನಗೆ ಸಮಾಧಾನ ಹೇಳಿದರು.

ಒಂದು ಸಲ ಹೇಳಿದ ಮೇಲೆ ಅದನ್ನು ನಿಲ್ಲಿಸಿಕೊಳ್ಳಬೇಕಲ್ಲ. ಜಾಲರಿ ಅಲ್ಲೇ ಇದ್ದರೆ ಇನ್ನೊಬ್ಬರ ಜೀವ ಹೋಗುತ್ತದೆ. ಅದನ್ನು ಬಿಚ್ಚಿಸುವುದಕ್ಕೆ ಒಂದು ನೆಪ ಬೇಕಿತ್ತು. ಹೊಸ ಜೋಡಣೆಗೆ ಜಾಗ ಸಾಲದು ಎಂದು ಹೇಳಿ ಬಿಚ್ಚಿಸಿದೆ. ಎಲ್ಲರೂ ನೋಡುವಂತೆ ಎರಡು ಕಡ್ಡಿಗಳನ್ನು ಕಿತ್ತು ಗೇಣು ದೂರಕ್ಕೆ ನಿಲ್ಲಿಸಿದೆ, ಮತ್ತೆ ಅಳೆದು ಸರಿಮಾಡಿದೆ. ಆ ಗೇಣಿನಿಂದ ಹೆಚ್ಚೇನೂ ಬದಲಾಗುತ್ತಿರಲಿಲ್ಲ. ತಪ್ಪು ತಿದ್ದಿಕೊಂಡಳು ಎಂದು ಊರವರು ನಂಬಿದರೆ ಸಾಕಿತ್ತು. ಇಲಾಖೆಗೂ ಕಾಲೇಜಿಗೂ ಕೊಟ್ಟ ವರದಿಯಲ್ಲೂ ಅದನ್ನೇ ಬರೆದು ಸಹಿ ಮಾಡಿದೆ. ಕಡ್ಡಿಗಳ ನಡುವಿನ ಕೊಡುಕೊಳ್ಳುವಿಕೆಯನ್ನು ನಾನು ತಪ್ಪಾಗಿ ಅಂದಾಜು ಮಾಡಿದ್ದೆ ಎಂದು.

ನಮ್ಮ ವಿಭಾಗದ ಶಿವಶಂಕರ್ ಸರ್ ವರದಿ ಓದಿ ನನ್ನನ್ನು ಕರೆಸಿದರು. ಆಗಸ್ಟ್‌ನ ಅಳತೆಗಳನ್ನು ಅವರೂ ನೋಡಿದ್ದರು. "ಪದ್ಮಶ್ರೀ, ಇದು ಹೊಂದ್ತಾ ಇಲ್ವಲ್ಲಮ್ಮಾ" ಎಂದರು. ಆಗ ಅಳತೆಯಲ್ಲೇ ತಪ್ಪಿತ್ತು ಸರ್ ಎಂದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಯೋಜನೆಯಿಂದ ನನ್ನನ್ನು ಬಿಡಿಸಿದ್ದಾರೆ. ಪಾಠಕ್ಕೆ ಮಾತ್ರ ಇದ್ದೇನೆ. ಪಿಎಚ್‌.ಡಿ. ನಿಂತಿದೆ. ಅದರ ತಿರುಳೆಲ್ಲ ಆ ಅಳತೆಗಳೇ ಆಗಿದ್ದವು.

ಕದಿರೇಶನ ವಿಷಯ ನಿನಗೆ ಗೊತ್ತಿಲ್ಲದ್ದು ಒಂದಿದೆ. ಅವನು ಸುಮ್ಮನೆ ಬಿಟ್ಟು ಹೋಗಲಿಲ್ಲ ಅಮ್ಮಾ. ವರದಿಯ ವಿಷಯ ಪೇಪರಿನಲ್ಲಿ ಬಂದ ದಿನ ಫ್ಯಾಕ್ಟರಿಯಿಂದ ಮಧ್ಯಾಹ್ನವೇ ಮನೆಗೆ ಬಂದ. ಅಡುಗೆಮನೆಯ ಬಾಗಿಲಲ್ಲಿ ನಿಂತು, "ಪದ್ದಿ, ಒಂದ್ಸಲ ಹೇಳು. ತಪ್ಪು ನಿಂದಲ್ಲ ಅಂತ ಒಂದೇ ಒಂದ್ಸಲ ಹೇಳು ಸಾಕು. ಊರೆಲ್ಲ ಏನಾದ್ರೂ ಅನ್ನಲಿ, ನಾನು ನಂಬ್ತೀನಿ" ಎಂದ. ಕೈ ಜೋಡಿಸುವುದೊಂದು ಬಾಕಿ.

ನಾನು ಒಲೆಯ ಕಡೆ ತಿರುಗಿ "ತಪ್ಪು ನಂದೇ" ಎಂದೆ.

ಅವನು ಬಟ್ಟೆ ತುಂಬಿಕೊಂಡು ಹೊರಟಾಗ ಸಾರು ಉಕ್ಕಿ ಒಲೆ ಆರಿಹೋಗಿತ್ತು. ಈಗ ಅಪ್ಪನ ಜೊತೆ ಊರಿನಲ್ಲಿದ್ದಾನೆ, ಅಲ್ಲಿಂದಲೇ ಮಾಲೂರಿಗೆ ಕೆಲಸಕ್ಕೆ ಹೋಗಿ ಬರುತ್ತಾನೆ. ಅವನನ್ನು ಬೈಯಬೇಡ. ಅವನ ಜಾಗದಲ್ಲಿ ನಾನಿದ್ದರೂ ಹೀಗೇ ಮಾಡುತ್ತಿದ್ದೆನೇನೋ.

ಸತ್ಯ ಹೇಳಿಬಿಡು ಎನ್ನುತ್ತೀಯ ಎಂದು ಗೊತ್ತು. ಹೇಳಿದರೆ ಏನಾಗುತ್ತದೆ ಯೋಚಿಸು. ಆ ಮನೆಯಲ್ಲಿ ಈಗ ಇರುವವರು ಅಪ್ಪ ಮಗ ಇಬ್ಬರೇ. ಮಗ ಮುದ್ದೆ ತಿರುವುತ್ತಾನೆ, ಅಪ್ಪ ತಟ್ಟೆ ಇಡುತ್ತಾರೆ. ಅಮ್ಮನನ್ನು ಕೊಂದದ್ದು ಅಪ್ಪ ಕಟ್ಟಿದ ಜಾಲರಿ ಎಂದು ತಿಳಿದ ಮೇಲೆ ಕದಿರೇಶ ಆ ತಟ್ಟೆಯ ಮುಂದೆ ಹೇಗೆ ಕೂರುತ್ತಾನೆ? ಮಾವ ಆ ಕಣದ ದಾರಿಯಲ್ಲಿ ಹೇಗೆ ಓಡಾಡುತ್ತಾರೆ? ಅವರಿಗೆ ಉಳಿದಿರುವ ದಿನಗಳೇ ಕಡಿಮೆ. ನನಗೆ ಇನ್ನೂ ಮೂವತ್ತೈದು ತುಂಬಿಲ್ಲ. ಬೇರೆ ಕಾಲೇಜು ಸಿಗುತ್ತದೆ, ಬೇರೆ ಕೆಲಸ ಸಿಗುತ್ತದೆ. ಗಂಡನ ವಿಷಯದಲ್ಲಿ ಮಾತ್ರ ಬೇರೆ ಸಿಗುತ್ತಾನೆ ಎಂದು ಬರೆಯಲಾರೆ.

ಕೆಲವು ದಿನ ನನಗೂ ಸಿಟ್ಟು ಬರುತ್ತದೆ. ಮೊನ್ನೆ ತರಗತಿಯಲ್ಲಿ ಇದೇ ಪಾಠ ಬಂತು. ಅಂಟೆನಾಗಳನ್ನು ಹತ್ತಿರ ಇಟ್ಟಾಗ ಏನಾಗುತ್ತದೆ ಎಂದು ಬೋರ್ಡಿನ ಮೇಲೆ ಬರೆಯುತ್ತಿದ್ದೆ. ಹಿಂದಿನ ಬೆಂಚಿನಲ್ಲಿ ಯಾರೋ ಏನೋ ಪಿಸುಗುಟ್ಟಿದರು, ಒಬ್ಬಳು ನಕ್ಕಳು. ಸೀಮೆಸುಣ್ಣ ಕೆಳಗಿಟ್ಟು ಅವರಿಗೆಲ್ಲ ಕಿರುಚಿ ಹೇಳಬೇಕೆನಿಸಿತು, ನನ್ನ ಲೆಕ್ಕ ಸರಿಯಾಗಿತ್ತು ಎಂದು. ಪಾಠ ಮುಗಿಸಿ ಬಂದೆ. ಸ್ಟಾಫ್ ರೂಮಿನಲ್ಲಿ ಈಗ ನನ್ನ ಪಕ್ಕದ ಕುರ್ಚಿ ಖಾಲಿಯೇ ಇರುತ್ತದೆ.

ಆದ್ದರಿಂದ ಭಾನುವಾರ ಹೋಗಬೇಡ. ನೀನು ಅಲ್ಲಿಗೆ ಹೋಗಿ ನನ್ನ ಪರವಾಗಿ ಜಗಳಕ್ಕೆ ನಿಂತರೆ ಮಾವ ಆ ಜಾಲರಿಯ ಮಾತನ್ನು ಮತ್ತೆ ಎತ್ತುತ್ತಾರೆ ಎಂಬ ಭಯ ನನಗೆ. ವೆಂಕಟಣ್ಣನಿಗೆ ಏನಾದರೂ ಹೇಳಿ ನಿಲ್ಲಿಸು. ಮೈ ಹುಷಾರಿಲ್ಲ ಎನ್ನು. ನಿನಗೆ ಸುಳ್ಳು ಹೇಳಲು ಬರುವುದಿಲ್ಲ, ಗೊತ್ತು. ನನಗೂ ಬರುತ್ತಿರಲಿಲ್ಲ.

ಓದಿ ಮುಗಿಸಿ ಈ ಕಾಗದವನ್ನು ಒಲೆಗೆ ಹಾಕಿಬಿಡು. ಮಾತ್ರೆ ತಪ್ಪಿಸಬೇಡ. ಕಿವಿಗೆ ತೋರಿಸಲು ಕೋಲಾರಕ್ಕೆ ಬರುತ್ತೇನೆಂದು ಎಷ್ಟು ಸಲ ಮುಂದೆ ಹಾಕಿದ್ದೀಯ, ಶಿವರಾತ್ರಿ ಕಳೆದ ಮೇಲೆ ನಾನೇ ಬಂದು ಕರೆದುಕೊಂಡು ಬರುತ್ತೇನೆ.

ನಿನ್ನ ಮಗಳು,
ಪದ್ಮಶ್ರೀ

ಮರೆತದ್ದಲ್ಲ, ಆಮೇಲೆ ನಡೆದದ್ದು:

ಇದನ್ನು ಅಂಟಿಸಿ ಇಟ್ಟಿದ್ದೆ, ಇವತ್ತು ಅಂಚೆಗೆ ಹಾಕಬೇಕಿತ್ತು. ಮತ್ತೆ ಒಡೆದು ಬರೆಯುತ್ತಿದ್ದೇನೆ.

ನನ್ನ ಜಾಗಕ್ಕೆ ಬೆಂಗಳೂರಿನಿಂದ ಮುರಳಿಮೋಹನ್ ಎಂಬುವವರು ಬಂದಿದ್ದಾರೆ. ಮುನಿಕೃಷ್ಣಪ್ಪ ಫೋನ್ ಮಾಡಿ ಎಲ್ಲ ಹೇಳಿದ. ಮೊನ್ನೆ ಅವರು ಗುಟ್ಟದ ಮೇಲೆ ಮುನಿಕೃಷ್ಣಪ್ಪನಿಗೆ, ಇದರ ಹತ್ತಿರ ಕಬ್ಬಿಣದ ಯಾವ ಸಾಮಾನೂ ತರಬೇಡಿ, ತಂದರೆ ಆ ದಿಕ್ಕಿನದು ಕೇಳಿಸುವುದಿಲ್ಲ ಎಂದು ಹೇಳಿದರಂತೆ. ಮಾವ ಅಲ್ಲೇ ಬಂಡೆಯ ಮೇಲೆ ಕೂತಿದ್ದರಂತೆ. ಯಾವ ದಿಕ್ಕಿನದು ಎಂದು ಎರಡು ಸಲ ಕೇಳಿ ತಿಳಿದುಕೊಂಡರಂತೆ. ನಿನ್ನೆ ಮಾಲೂರಿಗೆ ಹೋಗಿ ಇಲಾಖೆಯವರ ಮುಂದೆ ಎಲ್ಲ ಹೇಳಿದ್ದಾರೆ. ಸೊಸೆಯದು ತಪ್ಪಿಲ್ಲ, ಜಾಲರಿ ಕಟ್ಟಿದವನು ನಾನು ಎಂದು. ಇಲಾಖೆಯವರು ನನ್ನ ಸಹಿಯ ವರದಿ ತೆಗೆದು ತೋರಿಸಿದರಂತೆ. ಮನೆ ಒಡೆಯಬಾರದು ಅಂತ ಹೀಗೆ ಹೇಳ್ತಿದ್ದೀರಿ, ಹೋಗಿ ರೆಸ್ಟ್ ತಗೊಳ್ಳಿ ಯಜಮಾನ್ರೇ ಎಂದು ಟೀ ಕುಡಿಸಿ ಕಳಿಸಿದರಂತೆ. ಮಾವ ಮನೆಗೆ ಬಂದು ಮಗನ ಮುಂದೆಯೂ ಅದನ್ನೇ ಹೇಳಿದ್ದಾರೆ.

ಇವತ್ತು ಕಾಲೇಜಿಗೆ ಹೊರಟಿದ್ದಾಗ ಕದಿರೇಶನ ಫೋನ್ ಬಂತು. ಮನೆ ಬಿಟ್ಟು ಹೋದ ಮೇಲೆ ಮೊದಲ ಸಲ. ಹೇಗಿದ್ದೀಯ ಎಂದೂ ಕೇಳಲಿಲ್ಲ. "ನಮ್ಮಪ್ಪನ ಬಾಯಲ್ಲಿ ಈ ಮಾತು ತುರುಕಿದ್ದು ನೀನೇ ತಾನೇ? ಅಷ್ಟು ವಯಸ್ಸಾಗಿರೋರ ತಲೆ ಮೇಲೆ ಹಾಕೋಕೆ ನಿಂಗೆ ಹೆಂಗೆ ಮನಸ್ಸು ಬಂತು?" ಎಂದ. ಅವನ ಹಿಂದೆ ಮಾವ ಕೆಮ್ಮಿದ್ದು ಕೇಳಿಸಿತು. ಅವರು ಅಲ್ಲೇ ನಿಂತು ಕಾಯುತ್ತಿದ್ದರು, ನಾನು ಏನು ಹೇಳುತ್ತೇನೆಂದು.

ಹೂಂ, ನಾನೇ ಹೇಳಿಕೊಟ್ಟಿದ್ದು ಎಂದೆ.

ಅವನು ಫೋನ್ ಇಟ್ಟ. ಸತ್ಯ ಹೇಳಿದ ಮುದುಕರನ್ನು ಮಗನ ಮುಂದೆ ಸುಳ್ಳುಗಾರರನ್ನಾಗಿ ಮಾಡಿದೆ ಅಮ್ಮಾ. ಇದು ಸರಿಯೋ ತಪ್ಪೋ ನನಗೆ ತಿಳಿಯುತ್ತಿಲ್ಲ, ಕೇಳುವುದಕ್ಕೂ ಇಲ್ಲಿ ಯಾರೂ ಇಲ್ಲ.

ಶಿವರಾತ್ರಿಯ ತನಕ ಕಾಯಬೇಡ. ಭಾನುವಾರದ ಗಾಡಿ ಹೇಗಿದ್ದರೂ ಗೊತ್ತುಮಾಡಿದ್ದೀರಲ್ಲ, ಅದರಲ್ಲಿ ನೀನೊಬ್ಬಳೇ ಕೋಲಾರಕ್ಕೆ ಬಾ.

ಪದ್ದಿ